ಕೆಂಪಿಯ ಬಲಗಡೆ ಹಿಂದಿನ ಮೊಲೆ

ಕೆಂಪಿಯ ಕೆಚ್ಚಲಿಗೆ ಮೊದಲ ಸಲ ಕೈ ಇಟ್ಟ ದಿನ ನನಗೆ ಯಾವ ಅಳುಕೂ ಇರಲಿಲ್ಲ. ಆಲೂರು ತಾಲ್ಲೂಕಿನಲ್ಲಿ ಪಶುವೈದ್ಯನಾಗಿದ್ದುಕೊಂಡು ಕೆಚ್ಚಲು ಬಾವಿಗೆ ಹೆದರಿದರೆ ಅಡುಗೆಯವನು ಹೊಗೆಗೆ ಹೆದರಿದ ಹಾಗೆ. ಕಾಫಿ ಕೊಯ್ಲು ಶುರುವಾಗಿತ್ತು. ಪಾಳ್ಯ ಹೋಬಳಿಯ ಆ ಊರಿಗೆ ಬೇರೆ ಯಾರದೋ ಎಮ್ಮೆ ನೋಡಲು ಹೋದವನು ಕೆಲಸ ಮುಗಿಸಿ ಬೈಕು ತಿರುಗಿಸುತ್ತಿದ್ದೆ. ಊರಿನ ಡೈರಿಯಲ್ಲಿ ಮುಖ ಕಂಡಿದ್ದ, ನಲವತ್ತರ ಆಸುಪಾಸಿನ ಹೆಂಗಸೊಬ್ಬರು ಬೇಲಿಯಾಚೆಯಿಂದ ಕೈ ಅಡ್ಡ ಮಾಡಿದರು.

“ಸಾ, ಒಂದ್ ಗಳಿಗೆ ಬಂದೋಗಿ. ನಮ್ ಕೆಂಪಿ ಹಿಂದಿನ್ ಮೊಲೆ ಮುಟ್ಟುಸ್ಕೊಳ್ತಿಲ್ಲ. ನಿನ್ನೆ ಸಂಜೆಯಿಂದ ಒದೀತೈತೆ.”

ಅವರ ಯಜಮಾನರು ಯಸಳೂರು ಕಡೆಯ ಎಸ್ಟೇಟುಗಳಿಗೆ ಗೊಬ್ಬರ ಸಾಗಿಸುವ ಪಿಕಪ್ ಓಡಿಸುತ್ತಾರೆ. ಮನೆಗೆ ಬರುವುದು ವಾರಕ್ಕೊಮ್ಮೆ. ಗದ್ದೆ, ರಾಗಿ ಹೊಲ, ಅಂಚಿನಲ್ಲಿ ಒಂದಿಷ್ಟು ಕಾಫಿ ಗಿಡ, ಕೊಟ್ಟಿಗೆಯಲ್ಲಿ ಒಂದೇ ಒಂದು ಹಸು. ಎಲ್ಲವೂ ಈ ಅಕ್ಕನ ಕೈಯಲ್ಲೇ ನಡೆಯುತ್ತಿತ್ತು. ಕೊಟ್ಟಿಗೆ ನೋಡಿದರೆ ಗೊತ್ತಾಗುತ್ತಿತ್ತು, ನೆಲ ಒಣಗಿತ್ತು, ಗಂಜಲ ನಿಲ್ಲದ ಹಾಗೆ ಕಾಲುವೆ ತೆಗೆದಿದ್ದರು.

ಬಲಗಡೆ ಹಿಂದಿನ ಮೊಲೆ ಬಿಸಿಯಾಗಿತ್ತು, ಗಟ್ಟಿಯಾಗಿತ್ತು. ನನ್ನ ಚೀಲದಲ್ಲಿ ನಾಲ್ಕು ಬಟ್ಟಲು ಕೂಡಿಸಿದ ಒಂದು ಪ್ಲಾಸ್ಟಿಕ್ ತಟ್ಟೆ ಯಾವಾಗಲೂ ಇರುತ್ತದೆ. ಒಂದೊಂದು ಮೊಲೆಯ ಹಾಲನ್ನು ಒಂದೊಂದು ಬಟ್ಟಲಿಗೆ ಹಿಂಡಿ, ನೇರಳೆ ಬಣ್ಣದ ದ್ರಾವಣ ಬೆರೆಸಿ, ತಟ್ಟೆಯನ್ನು ಮೆಲ್ಲಗೆ ಸುತ್ತಿಸಬೇಕು. ಹಾಲು ನೀರಾಗಿಯೇ ಸುತ್ತಿದರೆ ಮೊಲೆ ಚೆನ್ನಾಗಿದೆ ಎಂದರ್ಥ. ಮೂರು ಬಟ್ಟಲು ನೀರಾಗಿ ಸುತ್ತಿದವು. ನಾಲ್ಕನೆಯದು ಲೋಳೆಸರದ ತಿರುಳಿನ ಹಾಗೆ ಗಂಟುಕಟ್ಟಿ ನಡುವೆ ನಿಂತಿತು.

ಮೊಲೆಯ ತುದಿಯನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ, ಮೊದಲ ಎರಡು ಧಾರೆ ಚೆಲ್ಲಿ, ಪರೀಕ್ಷೆಗೆ ಒಂದಿಷ್ಟು ಹಾಲನ್ನು ಶುದ್ಧವಾದ ಸೀಸೆಗೆ ಹಿಡಿದು ಐಸ್ ಡಬ್ಬಿಯಲ್ಲಿಟ್ಟೆ. ಮೊಲೆಯೊಳಗೆ ಏರಿಸುವ ಔಷಧಿಯ ಟ್ಯೂಬುಗಳನ್ನು ಕೊಟ್ಟೆ. ದಿನಕ್ಕೆರಡು ಸಲ, ಐದು ದಿನ. ಹಾಲನ್ನು ಪೂರ್ತಿ ಹಿಂಡಿ ತೆಗೆದು, ತುದಿ ಒರೆಸಿ, ಟ್ಯೂಬಿನ ಮೂತಿಯನ್ನು ಅಕ್ಕಿಕಾಳಿನಷ್ಟು ಮಾತ್ರ ಒಳಗಿಟ್ಟು ಔಷಧಿ ಏರಿಸಬೇಕು. ಆಮೇಲೆ ಕೆಳಗಿನಿಂದ ಮೇಲಕ್ಕೆ ನೀವಿ, ಅಯೋಡಿನ್‌ನಲ್ಲಿ ಮೊಲೆ ಅದ್ದಬೇಕು. ಅಕ್ಕ ಒಮ್ಮೆ ನೋಡಿದರು, ಎರಡನೆಯ ಸಲ ತಾವೇ ಮಾಡಿ ತೋರಿಸಿದರು. ತಪ್ಪು ಹಿಡಿಯಲು ನೋಡಿದೆ, ಸಿಗಲಿಲ್ಲ.

“ಔಷಧಿ ಮುಗಿದ ಮೇಲೂ ನಾಲ್ಕು ದಿನ ಡೈರಿಗೆ ಹಾಲು ಹಾಕಬೇಡಿ ಅಕ್ಕ. ನಾಲ್ಕೂ ಮೊಲೆದು.”

“ಬೋರ್ಡಲ್ಲಿ ಬರೀತೀರೇನೋ ಅಲ್ವ್ರಾ?”

“ಬರೀಲೇಬೇಕು.”

ಆ ಬೋರ್ಡು ನನ್ನದೇ ತಲೆಯ ಕೂಸು. ಊರಿನ ಹಾಲಿನ ಡೈರಿಯ ಗೋಡೆಗೆ ಒಂದು ಕಪ್ಪು ಹಲಗೆ ಹೊಡೆಸಿದ್ದೆ. ಯಾರ ಹಸುವಿಗೆ ಔಷಧಿ ನಡೆಯುತ್ತಿದೆಯೋ ಅವರ ಹೆಸರು, ಪಕ್ಕದಲ್ಲಿ ಯಾವ ತಾರೀಕಿನವರೆಗೆ ಅವರ ಹಾಲು ತೆಗೆದುಕೊಳ್ಳಬಾರದು ಎಂಬುದು. ಔಷಧಿ ಬೆರೆತ ಒಬ್ಬರ ಹಾಲು ದೊಡ್ಡ ಕ್ಯಾನಿಗೆ ಬಿದ್ದರೆ ಇಡೀ ಊರಿನ ಹಾಲು ವಾಪಸು ಬರುತ್ತದೆ. ಈ ಬೋರ್ಡಿನ ವಿಷಯವನ್ನು ನಾನು ಮೀಟಿಂಗು ಮೀಟಿಂಗಿನಲ್ಲಿ ಹೇಳಿಕೊಂಡು ಬೀಗುತ್ತಿದ್ದೆ.

ಡೈರಿಯಲ್ಲಿ ಇನ್ನೊಂದು ಪದ್ಧತಿಯೂ ಇತ್ತು, ಅದು ನನಗಿಂತ ಹಳೆಯದು. ಜಿಡ್ಡು ಅಳೆಯುವುದು ಮಷಿನ್ನು. ಆದರೆ ಹಾಲು ಮಷಿನ್ನಿಗೆ ಹೋಗುವ ಮೊದಲು ಡೈರಿಯ ಕಾರ್ಯದರ್ಶಿ ಪ್ರತಿಯೊಬ್ಬರ ಕ್ಯಾನಿಗೂ ಮೂಗು ಇಳಿಸಿ ವಾಸನೆ ನೋಡುತ್ತಿದ್ದರು. ಇಬ್ಬರೋ ಮೂವರೋ ಮಾತ್ರ ಅದರಿಂದ ಹೊರಗಿದ್ದರು. ಅವರ ಕ್ಯಾನು ಬಂದರೆ ಕಾರ್ಯದರ್ಶಿ ಬಗ್ಗುತ್ತಲೇ ಇರಲಿಲ್ಲ, ಸೀದಾ ಸುರಿಯಿರಿ ಎಂದು ಕೈ ತೋರಿಸುತ್ತಿದ್ದರು. ಅಕ್ಕ ಅವರಲ್ಲಿ ಒಬ್ಬರು. ಇದನ್ನು ಅವರು ಬಾಯಿಬಿಟ್ಟು ಯಾರಿಗೂ ಹೇಳಿಕೊಂಡವರಲ್ಲ. ಆದರೆ ಕ್ಯಾನು ಎತ್ತಿ ಸುರಿಯುವಾಗ ಬೆನ್ನು ನೆಟ್ಟಗಾಗುವುದನ್ನು ನಾನೇ ಎಷ್ಟೋ ಸಲ ಕಂಡಿದ್ದೆ.

ಐದು ದಿನ ಔಷಧಿ, ನಾಲ್ಕು ದಿನ ಕಾಯುವಿಕೆ. ಹತ್ತನೆಯ ದಿನ ಹೋಗಿ ತಟ್ಟೆ ಸುತ್ತಿಸಿದೆ. ನಾಲ್ಕೂ ನೀರು. ಡೈರಿಗೆ ಹೋಗಿ ನಾನೇ ಅವರ ಹೆಸರು ಅಳಿಸಿದೆ.

ಮೂರು ವಾರಕ್ಕೆ ಫೋನ್ ಬಂತು. ಅದೇ ಮೊಲೆ, ಅದೇ ಗಂಟು.

ಮೊದಲ ಹಾಲಿನಿಂದ ಬೆಳೆಸಿದ ಸೂಕ್ಷ್ಮಾಣು ಅಷ್ಟರಲ್ಲಿ ನನ್ನ ಕಣ್ಣ ಮುಂದೆಯೇ ಇತ್ತು. ಹಾಸನದ ಒಂದು ಪ್ರಯೋಗಾಲಯದಲ್ಲಿ ಕೆಲಸ ಮಾಡುವ ನನ್ನ ಸಹಪಾಠಿ, ರಕ್ತ ಬೆರೆಸಿ ಹೆಪ್ಪುಗಟ್ಟಿಸಿದ ಆಹಾರದ ತಟ್ಟೆಗಳನ್ನು ಬಸ್ ಕಂಡಕ್ಟರ್ ಕೈಯಲ್ಲಿ ಕಳಿಸಿಕೊಡುತ್ತಿದ್ದಳು. ಅವುಗಳ ಮೇಲೆ ಹಾಲನ್ನು ಗೀರಿ, ನಾಟಿ ಕೋಳಿ ಮೊಟ್ಟೆ ಮರಿ ಮಾಡುವ ಪೆಟ್ಟಿಗೆಯಲ್ಲಿ ಇಡುತ್ತಿದ್ದೆ. ನಗಬೇಡಿ, ಮೊಟ್ಟೆಗೆ ಬೇಕಾದ ಶಾಖವೂ ಹಸುವಿನ ರೋಗಾಣುವಿಗೆ ಬೇಕಾದ ಶಾಖವೂ ಹೆಚ್ಚುಕಡಿಮೆ ಒಂದೇ. ಕರೆಂಟು ಹೋದರೆ ಇರಲಿ ಎಂದು ಬ್ಯಾಟರಿ ಜೋಡಿಸಿದ್ದೆ. ಬೆಳೆದ ಚುಕ್ಕೆಗಳಲ್ಲಿ ಒಂದನ್ನು ಎತ್ತಿ ಹೊಸ ತಟ್ಟೆಗೆ ಸವರಿ, ನಡುವೆ ನಾನು ಕೊಟ್ಟಿದ್ದ ಔಷಧಿಯದೇ ಒಂದು ಪುಟ್ಟ ಬಿಲ್ಲೆ ಇಟ್ಟಿದ್ದೆ. ಬಿಲ್ಲೆಯ ಸುತ್ತ ದೊಡ್ಡದಾಗಿ, ಬೋಳಾಗಿ ಒಂದು ವೃತ್ತ. ಅಲ್ಲಿ ಒಂದೂ ಬೆಳೆದಿರಲಿಲ್ಲ. ಇಷ್ಟು ಚೆನ್ನಾಗಿ ಸೋಲುವ ರೋಗಾಣುವನ್ನು ನಾನು ನೋಡಿಯೇ ಇರಲಿಲ್ಲ.

ಹಾಗಾದರೆ ತಪ್ಪು ಯಾರದು? ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಮನೆಯಲ್ಲೂ ಇದೇ ದೂರು. ಆ ಸಂಜೆ ಸೀದಾ ಡೈರಿಗೆ ಹೋದೆ. ಹಾಲು ಹಾಕುವ ಹೊತ್ತು, ಇಪ್ಪತ್ತು ಜನ ಸಾಲಿನಲ್ಲಿದ್ದರು. ಅಕ್ಕ ಖಾಲಿ ಕೈಯಲ್ಲಿ, ಹಾಲು ತರಲಿಲ್ಲ ಎಂದು ಕಾರ್ಯದರ್ಶಿಗೆ ಹೇಳಲು ಬಂದಿದ್ದರು. ಹಾಗೆ ಬಂದು ಹೇಳುವವರು ಆ ಊರಿನಲ್ಲಿ ಬೇರೆ ಯಾರೂ ಇರಲಿಲ್ಲ ಎಂಬುದು ನನಗೆ ಆಗ ಹೊಳೆಯಲಿಲ್ಲ.

“ಔಷಧಿ ಎಷ್ಟು ದಿನ ಹಾಕಿದ್ರಿ ಅಕ್ಕ?”

“ಐದು ದಿನಾನೂ ಹಾಕಿವ್ನಿ ಸಾ.”

“ಎರಡು ಹೊತ್ತೂ?”

“ಎರಡೊತ್ತೂ. ಖಾಲಿ ಟ್ಯೂಬು ಎತ್ತಿಟ್ಟಿವ್ನಿ, ತಂದು ತೋರುಸ್ಲಾ?”

“ಟ್ಯೂಬು ಖಾಲಿ ಮಾಡೋದು ಯಾರಿಗ್ ಬರಲ್ಲ? ಹಸು ಒದ್ದಾಗ ನೆಲಕ್ಕೆ ಹಿಂಡಿದ್ರೂ ಖಾಲಿನೇ ಆಗುತ್ತೆ.”

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅಕ್ಕ ನನ್ನನ್ನೇ ನೋಡಿದರು. ಜಗಳ ಮಾಡಲಿಲ್ಲ. ಸೆರಗು ಸರಿಮಾಡಿಕೊಂಡು, “ಆಯ್ತು ಬುಡಿ ಸಾ, ನೀವ್ ಓದಿರೋರು” ಎಂದು ಹೊರಟುಹೋದರು. ನಾನು ಬೋರ್ಡಿನ ಮೇಲೆ ಅವರ ಹೆಸರು ಮತ್ತೆ ಬರೆದೆ. ಅಕ್ಷರ ಸ್ವಲ್ಪ ದೊಡ್ಡದಾಗಿಯೇ ಬರೆದೆ ಎಂದು ಈಗ ಅನಿಸುತ್ತದೆ.

ಈ ಸಲ ಯಾರನ್ನೂ ನಂಬುವುದು ಬೇಡ, ಟ್ಯೂಬನ್ನು ನಾನೇ ಏರಿಸುತ್ತೇನೆ ಎಂದು ತೀರ್ಮಾನಿಸಿದೆ. ಐದು ದಿನ, ಬೆಳಿಗ್ಗೆ ಸಂಜೆ, ಒಟ್ಟು ಹತ್ತು ಸಲ. ಆಲೂರಿನಿಂದ ಬೆಳಗಿನ ಮಂಜಿನಲ್ಲಿ ಬೈಕು ಓಡಿಸಿಕೊಂಡು ಹೋಗಿ, ಕೈ ತೊಳೆದು, ಅಕ್ಕ ಹಿಂಡಿ ಮುಗಿಸಿದ ಮೊಲೆಯನ್ನು ನಾನೇ ಒರೆಸಿ, ನಾನೇ ಔಷಧಿ ಏರಿಸಿ, ನಾನೇ ಅಯೋಡಿನ್‌ನಲ್ಲಿ ಅದ್ದಿದೆ. ಅಕ್ಕ ಕೆಂಪಿಯ ಕೊರಳು ಹಿಡಿದು ನಿಂತಿರುತ್ತಿದ್ದರು. ನನ್ನೊಡನೆ ಮಾತು ಅಷ್ಟಕ್ಕಷ್ಟೇ.

ಹಿಂಡಿದ ಹಾಲನ್ನು ಅವರು ಏನು ಮಾಡುತ್ತಾರೆ ಎಂದು ನೋಡಿದ್ದು ಆಗಲೇ. ಕಾಫಿ ಗಿಡಗಳ ನಡುವೆ ಮೊಣಕಾಲುದ್ದ ಗುಂಡಿ ತೋಡಿದ್ದರು. ಹಾಲನ್ನು ಅದಕ್ಕೆ ಸುರಿದು, ಮುಖ ಆಚೆ ತಿರುಗಿಸಿಕೊಂಡು, ಕಾಲಿನಿಂದಲ್ಲ, ಕೈಯಿಂದ ಮಣ್ಣು ಎಳೆದು ಮುಚ್ಚುತ್ತಿದ್ದರು. ಪಕ್ಕದಲ್ಲಿ ಮುಚ್ಚಿದ ಇನ್ನೊಂದು ಗುಂಡಿ ಇತ್ತು. ಅದು ಮೊದಲ ಸಲದ್ದು.

“ಇಷ್ಟೆಲ್ಲ ಯಾಕಕ್ಕ? ಚರಂಡಿಗೆ ಚೆಲ್ಲಿದ್ರೆ ಸಾಕಿತ್ತು” ಅಂದೆ.

“ಹಾಲು ತುಳಿಯೋ ಜಾಗಕ್ಕೆ ಚೆಲ್ಲೋಕೆ ನನ್ ಕೈಲಾಗಲ್ಲ ಸಾ.”

ಇಷ್ಟು ಮಾಡುವ ಹೆಂಗಸು ಟ್ಯೂಬನ್ನು ನೆಲಕ್ಕೆ ಹಿಂಡಿರುತ್ತಾಳೆಯೇ? ಆ ಪ್ರಶ್ನೆ ನನಗೆ ಅಲ್ಲೇ ಬಂತು. ಬಂದದ್ದನ್ನು ಪಕ್ಕಕ್ಕೆ ತಳ್ಳಿ ಬೈಕು ಹತ್ತಿದೆ.

ನಾಲ್ಕನೆಯ ದಿನ ಬೆಳಿಗ್ಗೆ ದಾರಿಯಲ್ಲಿ ಆನೆ. ತೋಟದ ಕೆಲಸಕ್ಕೆ ಹೋಗುವವರನ್ನೆಲ್ಲ ಫಾರೆಸ್ಟಿನವರು ತಿರುವಿನಲ್ಲೇ ತಡೆದಿದ್ದರು. ಮೂರು ಆನೆ ರಸ್ತೆಯ ಮಗ್ಗುಲಿನ ಕಾಫಿಯೊಳಗೆ ನಿಂತಿವೆ, ದಾಟುವವರೆಗೆ ಯಾರೂ ಹೋಗುವ ಹಾಗಿಲ್ಲ. ನಾನು ಕೊಟ್ಟಿಗೆ ಮುಟ್ಟುವಷ್ಟರಲ್ಲಿ ಒಂದೂವರೆ ಗಂಟೆ ತಡವಾಗಿತ್ತು. ಅಕ್ಕ ಹಾಲು ಹಿಂಡಿ ಮುಗಿಸಿ, ಮೊಲೆಗೆ ಶುದ್ಧ ಬಟ್ಟೆ ಹಿಡಿದು ಕುಕ್ಕುರುಗಾಲಲ್ಲಿ ಕಾಯುತ್ತಿದ್ದರು. ಎಷ್ಟು ಹೊತ್ತಿನಿಂದ ಎಂದು ಕೇಳುವ ಧೈರ್ಯ ಬರಲಿಲ್ಲ.

ಹತ್ತೂ ಸಲ ಮುಗಿಯಿತು. ಕಾಯುವ ದಿನಗಳು ಮುಗಿದವು. ತಟ್ಟೆಯಲ್ಲಿ ನಾಲ್ಕೂ ನೀರು. ಹೆಸರು ಅಳಿಸಿದೆ. ಅಕ್ಕ ಮತ್ತೆ ಡೈರಿಗೆ ಹಾಲು ತರತೊಡಗಿದರು. ಒಂದು ದಿನ ಬೆಳಿಗ್ಗೆ ಕಾರ್ಯದರ್ಶಿಯ ಹತ್ತಿರ ಏನೋ ಕಾಗದಕ್ಕೆ ಸಹಿ ಹಾಕಿಸಲು ನಿಂತಿದ್ದೆ. ಅಕ್ಕ ಕ್ಯಾನು ಮುಂದಿಟ್ಟರು. ಕಾರ್ಯದರ್ಶಿ ಬಗ್ಗಿ, ಮೂಗು ಇಳಿಸಿ, ಉಳಿದವರಿಗಿಂತ ಒಂದು ಉಸಿರು ಹೆಚ್ಚೇ ಎಳೆದು, ಆಮೇಲೆ ಸುರಿಯಿರಿ ಎಂದರು. ಅಕ್ಕ ಸುರಿದರು. ನಾನು ಕಾಗದ ನೋಡುವವನ ಹಾಗೆ ತಲೆ ತಗ್ಗಿಸಿದೆ.

ಹೆಸರು ಅಳಿಸಿದ ಹತ್ತೊಂಬತ್ತನೆಯ ದಿನ ಕೆಂಪಿಯ ಅದೇ ಮೊಲೆ ಮತ್ತೆ ಬಿಸಿಯಾಯಿತು.

ಕೊಟ್ಟಿಗೆಯಲ್ಲಿ ತಟ್ಟೆ ಸುತ್ತಿಸಿದೆ, ನಾಲ್ಕನೆಯ ಬಟ್ಟಲು ಮತ್ತೆ ಗಂಟುಕಟ್ಟಿತು. ಹತ್ತು ಟ್ಯೂಬೂ ಏರಿಸಿದವನು ನಾನು. ಬೈಯಲು ಯಾರೂ ಉಳಿದಿರಲಿಲ್ಲ. ಅಕ್ಕ ಗಂಟುಕಟ್ಟಿದ ಬಟ್ಟಲನ್ನು ನೋಡಿದರು, ನನ್ನನ್ನು ನೋಡಿದರು. ಒಂದು ಮಾತು ಚುಚ್ಚಿದ್ದರೂ ನನಗೆ ಎಷ್ಟೋ ಹಗುರವಾಗುತ್ತಿತ್ತು. ಅವರು ಕೆಂಪಿಯ ಬೆನ್ನು ಸವರಿ, “ನೀನಾರ ಏನ್ ಮಾಡ್ತೀಯ ಬುಡು” ಎಂದರು. ಅದು ಹಸುವಿಗೋ ನನಗೋ ಗೊತ್ತಾಗಲಿಲ್ಲ.

ಆ ಆನೆಯ ದಿನದ ಒಂದೂವರೆ ಗಂಟೆ ನನ್ನ ತಲೆಗೆ ಹತ್ತಿಕೊಂಡಿತು. ಅದರಿಂದಲೇ ಹೀಗಾಯಿತೇ? ಟ್ಯೂಬಿನ ಮೂತಿ ಒಂದು ಕೂದಲು ಹೆಚ್ಚು ಒಳಗೆ ಹೋಯಿತೇ? ಸ್ಪಿರಿಟ್ ಆರುವ ಮೊದಲೇ ಏರಿಸಿದೆನೇ? ಇಷ್ಟು ದಿನ ಈ ಅಕ್ಕನೂ ಇದನ್ನೇ ಯೋಚಿಸುತ್ತಾ ಹಾಲು ಹಿಂಡಿರಬೇಕು, ಅದೂ ನಾನು ಊರೆದುರು ಹೇಳಿದ ಮಾತನ್ನು ಕಿವಿಯಲ್ಲಿಟ್ಟುಕೊಂಡು.

ಮೂರೂ ಸಲದ ರೋಗಾಣುವನ್ನು ಹಾಸನಕ್ಕೆ ಒಯ್ದೆ. ಸಹಪಾಠಿ ಸಕಲೇಶಪುರ ಪೇಟೆಯವಳು, ಅವರ ಮನೆಯವರದು ಕಾಫಿ ಮಂಡಿ. ಕಾಲೇಜಿನ ದಿನಗಳಿಂದಲೂ ನನ್ನನ್ನು ಗೋಳುಹೊಯ್ದುಕೊಳ್ಳುವುದರಲ್ಲಿ ಎತ್ತಿದ ಕೈ. ಮೂರರ ಜೀನುಗಳನ್ನು ಹೋಲಿಸಿ ನೋಡಲು ಅವಳಿಗೆ ಒಂದು ವಾರ ಹಿಡಿಯಿತು.

“ಮೂರೂ ಒಂದೇ ಮಾರಾಯ. ಹೊಸದು ಬಂದಿಲ್ಲ. ಹೊರಗಿಂದ ಕೊಟ್ಟಿಗೆಗೆ ಯಾರೂ ತಂದಿಲ್ಲ. ಮೊದಲಿನದೇ ಒಳಗೇ ಇತ್ತು.”

“ಅಂದ್ರೆ ಔಷಧಿಗೆ ಬಗ್ಗದ ಜಾತಿ ಆಗಿದೆಯಾ?”

“ಅದೂ ಇಲ್ಲ. ಮೂರಕ್ಕೂ ವೃತ್ತ ಅಷ್ಟೇ ದೊಡ್ಡದು. ನಿನ್ನ ಔಷಧಿಗೆ ಮೂರೂ ಸಾಯುತ್ತವೆ.”

“ಸಾಯೋದಾದ್ರೆ ಸಾಯಬೇಕಲ್ಲ!”

“ಆ ಬೋಳು ವೃತ್ತದೊಳಗೆ ಬೆಳೆದಿಲ್ಲ ಅಷ್ಟೇ ಕಣೋ. ಎಲ್ಲ ಸತ್ತಿವೆ ಅಂತ ನಿನಗೆ ಹೇಳಿದ್ಯಾರು?”

ಆಮೇಲೆ ಅವಳು ಒಂದು ಪರೀಕ್ಷೆ ಹೇಳಿಕೊಟ್ಟಳು, ನನ್ನ ಮೊಟ್ಟೆ ಪೆಟ್ಟಿಗೆಯಲ್ಲೇ ಮಾಡಬಹುದಾದದ್ದು. ಒಂದೇ ಒಂದು ಚುಕ್ಕೆಯಿಂದ ಬೆಳೆಸಿದ ರೋಗಾಣುವನ್ನು ತಟ್ಟೆಗೆ ಸವರಬೇಕು. ಒಂದು ಚುಕ್ಕೆ ಎಂದರೆ ಒಂದು ಜೀವಿ ಒಡೆದೊಡೆದು ಆದ ಸಂಸಾರ, ಎಲ್ಲದರ ಜೀನೂ ಒಂದೇ. ನಡುವೆ ಔಷಧಿಯ ಬಿಲ್ಲೆ. ಒಂದು ದಿನ ಕಳೆದು ಬೋಳು ವೃತ್ತ ಕಂಡ ಮೇಲೆ ಆ ಬಿಲ್ಲೆಯನ್ನು ಚಿಮುಟದಿಂದ ಎತ್ತಿ ಬಿಸಾಡಿ, ಅದೇ ಜಾಗದಲ್ಲಿ ಆಹಾರ ಹೀರಿದ ಬಿಲ್ಲೆ ಇಡಬೇಕು. ಮತ್ತೊಂದು ದಿನ ಪೆಟ್ಟಿಗೆಯಲ್ಲಿಟ್ಟು ಕಾಯಬೇಕು.

ಮೊದಲ ಸಲ ಬ್ಯಾಟರಿ ಕೈಕೊಟ್ಟು ತಟ್ಟೆಗಳು ತಣ್ಣಗಾದವು. ಎರಡನೆಯ ಸಲ ಬಿಲ್ಲೆ ಎತ್ತುವಾಗ ಚಿಮುಟ ಜಾರಿ ಆಹಾರದ ಪದರವೇ ಹರಿಯಿತು. ಮೂರನೆಯ ಸಲ ಸರಿಯಾಯಿತು. ಬೆಳಿಗ್ಗೆ ಆಸ್ಪತ್ರೆಯ ಬಾಗಿಲು ತೆಗೆದು, ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ನಿನ್ನೆ ಬೋಳಾಗಿದ್ದ ವೃತ್ತದೊಳಗೆ ಸಾಸಿವೆಗಿಂತ ಚಿಕ್ಕವಾಗಿ ಆರೇಳು ಚುಕ್ಕೆ. ಆ ಚುಕ್ಕೆಗಳನ್ನೇ ಎತ್ತಿ ಹೊಸ ತಟ್ಟೆಗೆ ಸವರಿ ಮತ್ತೆ ಔಷಧಿಯ ಬಿಲ್ಲೆ ಇಟ್ಟೆ. ಔಷಧಿಯನ್ನು ದಾಟಿ ಬಂದವುಗಳ ಮಕ್ಕಳಲ್ಲವೇ, ಗಟ್ಟಿಯಾಗಿರಬೇಕು ಎಂದುಕೊಂಡೆ. ಮರುದಿನ ಅದೇ ದೊಡ್ಡ ಬೋಳು ವೃತ್ತ. ಅಪ್ಪ ಬದುಕಿದ ಔಷಧಿಗೆ ಮಕ್ಕಳು ಸತ್ತಿದ್ದವು. ಮತ್ತೆ ಆಹಾರದ ಬಿಲ್ಲೆ ಇಟ್ಟೆ. ಮತ್ತೆ ಐದು ಚುಕ್ಕೆ.

ಫೋನ್ ಮಾಡಿದೆ.

“ಈಗ ಅರ್ಥ ಆಯ್ತಾ? ನಿನ್ನ ಔಷಧಿ ಮೈ ಸುತ್ತ ಗೋಡೆ ಕಟ್ಟಿಕೊಂಡು ಬೆಳೀತಿರೋದನ್ನ ಕೊಲ್ಲುತ್ತೆ. ಏನೂ ಕಟ್ಟದೆ ಸುಮ್ಮನೆ ಮಲಗಿರೋದನ್ನ ಏನು ಮಾಡುತ್ತೆ? ಔಷಧಿ ಹೋದ ಮೇಲೆ ಅದು ಏಳುತ್ತೆ” ಅಂದಳು.

“ಯಾವುದು ಮಲಗುತ್ತೆ ಅಂತ ಹೇಳೋಕೆ ಬರಲ್ವಾ?”

“ಬರಲ್ಲ. ಜೀನಿನಲ್ಲಿ ಅಕ್ಷರದಷ್ಟೂ ವ್ಯತ್ಯಾಸ ಇಲ್ಲ. ಒಂದರೊಳಗೆ ಯಾವುದೋ ಪ್ರೋಟೀನು ಚೂರು ಹೆಚ್ಚು ಸೇರಿಕೊಳ್ತು, ಅದು ಕೆಲಸ ನಿಲ್ಲಿಸಿ ಮಲಗ್ತು. ಇವತ್ತು ಅದು, ನಾಳೆ ಇನ್ಯಾವುದೋ. ಯಾಕೆ ಅದೇ ಅಂತ ಕೇಳಿದ್ರೆ ನನ್ನ ಹತ್ರ ಉತ್ತರ ಇಲ್ಲ.”

“ನಾನು ಒಂದು ದಿನ ಒಂದೂವರೆ ಗಂಟೆ ತಡ ಮಾಡಿದ್ದೆ.”

“ಸರಿಯಾದ ಹೊತ್ತಿಗೆ ಹೋಗಿದ್ರೂ ಅಷ್ಟೇ ಮಾರಾಯ. ಆ ಹೆಂಗಸು ಹಾಕಿದ್ರೂ ಅಷ್ಟೇ, ನೀನು ಹಾಕಿದ್ರೂ ಅಷ್ಟೇ.”

“ಹಾಗಾದ್ರೆ ಈಗ ನಾನೇನು ಮಾಡ್ಲಿ?”

“ನಾನು ತಟ್ಟೆ ನೋಡೋಳು. ಹಸು ನಿನ್ನದು” ಅಂದಳು.

ಕಾರ್ಯದರ್ಶಿಗೆ ಇದೆಲ್ಲ ಬೇಕಿರಲಿಲ್ಲ. “ಸ್ಟ್ರಾಂಗಾಗಿರೋದು ಒಂದು ಇಂಜೆಕ್ಷನ್ ಕೊಟ್ಬುಡಿ ಸಾರ್, ಯಾಕಿಷ್ಟು ಎಳೀತೀರ” ಎಂದು ದಿನವೂ ಹೇಳುತ್ತಿದ್ದರು. ನನಗೂ ಆಸೆಯಾಗದೆ ಇರಲಿಲ್ಲ. ಮನುಷ್ಯರಿಗೆ ಕೊನೆಗೆಂದು ಎತ್ತಿಟ್ಟಿರುವ ಔಷಧಿಗಳಿವೆ, ತರಿಸುವುದು ಕಷ್ಟವಲ್ಲ. ಆದರೆ ಇರುವ ಔಷಧಿಗೇ ಸಾಯುವ ರೋಗಾಣುವಿಗೆ ಅದಕ್ಕಿಂತ ದೊಡ್ಡದನ್ನು ಯಾವ ಮುಖ ಇಟ್ಟುಕೊಂಡು ಕೊಡಲಿ? ಮಲಗಿದ್ದು ಅದಕ್ಕೂ ಮಲಗಿದರೆ? ಅಷ್ಟರಲ್ಲಿ ಕೆಂಪಿಗೆ ಏಳು ತಿಂಗಳ ಗಬ್ಬ. ಆ ಮೊಲೆಯಲ್ಲಿ ರೋಗ ಇಟ್ಟುಕೊಂಡು ಕರು ಹಾಕಿದರೆ ಉಳಿದ ಮೂರಕ್ಕೂ ಹರಡುವ ಭಯ.

ನಾಲ್ಕು ದಿನ ಲೆಕ್ಕ ಹಾಕಿ ಕೊನೆಗೆ ಒಂದು ತೀರ್ಮಾನಕ್ಕೆ ಬಂದೆ. ವಾಸಿ ಮಾಡುವ ಪ್ರಯತ್ನ ಬಿಡುವುದು. ಆ ಒಂದು ಮೊಲೆಯ ಹಾಲಿನ ಗ್ರಂಥಿಯನ್ನೇ ಶಾಶ್ವತವಾಗಿ ಒಣಗಿಸಿಬಿಡುವುದು. ಹದಿನೇಳು ವರ್ಷದ ಕೆಲಸದಲ್ಲಿ ಇದನ್ನು ಬೇರೆ ಹಸುಗಳಿಗೆ ಮಾಡಿದ್ದೆ, ಅವೆಲ್ಲ ಕೊಳೆತು ಕೈಮೀರಿದ ಮೊಲೆಗಳು. ಔಷಧಿ ಕೆಲಸ ಮಾಡುತ್ತದೆ ಎಂದು ಗೊತ್ತಿದ್ದೂ ಕೈಚೆಲ್ಲಿದ್ದು ಇದೊಂದೇ.

ಅಕ್ಕನಿಗೆ ಹೇಳಲು ಹೋದೆ. ಅವರು ಅಂಗಳದಲ್ಲಿ ಕಾಫಿ ಹಣ್ಣು ಹರವುತ್ತಿದ್ದರು. ಜೀನು, ಪ್ರೋಟೀನು ಎಂದೆಲ್ಲ ತಡವರಿಸಿದೆ. ಎಲ್ಲ ಒಂದೇ ತಾಯಿಯ ಮಕ್ಕಳಾದರೂ ಕೆಲವು ಮಲಗಿಬಿಡುತ್ತವೆ ಎಂದೆ. ಅವರು ಹರವುವ ಹಲಗೆ ನಿಲ್ಲಿಸಿದರು.

“ಸಸಿ ಮಾಡೋ ಒಟ್ಲಲ್ಲಿ ಒಂದೇ ತೆನೆ ರಾಗಿ ಉದುರಿಸಿ ಬಿತ್ತಿದ್ರೂನೂವೆ ನಾಕು ಕಾಳು ಹಿಂದುಕ್ಕೆ ಬೀಳ್ತವಲ್ಲ ಸಾ. ಎಲ್ಲ ಮೊಳಕೆ ಬಂದು ವಾರ ಆದ್ಮೇಲೆ ಏಳ್ತವೆ. ಹಂಗಾ?”

“ಹಂಗೇ ಅಕ್ಕ.”

“ಅಂದ್ರೆ ನಾನ್ ಹಾಕಿದ್ದು ಸರಿಯಾಗೇ ಇತ್ತು.”

“ಸರಿಯಾಗೇ ಇತ್ತು. ತಪ್ಪು ಮಾತಾಡಿದವನು ನಾನು.”

ಅವರು ಹಲಗೆ ಎತ್ತಿಕೊಂಡು ಹಣ್ಣನ್ನು ಇನ್ನೊಂದು ಸುತ್ತು ಎಳೆದರು. ಕಣ್ಣು ನೆಲದ ಮೇಲೇ ಇಟ್ಟು, “ಅದನ್ನ ಅಲ್ಲಿ ಹೇಳ್ಬೇಕಾಗಿತ್ತು” ಎಂದರು.

ಮೊಲೆ ಒಣಗಿಸುವ ಕೆಲಸ ಅರ್ಧ ಗಂಟೆಯದು. ನೋವು ಬಾವು ಕಡಿಮೆ ಮಾಡುವ ಸೂಜಿ ಮೊದಲು ಕೊಟ್ಟು, ಕೊನೆಯ ಹನಿಯವರೆಗೂ ಹಿಂಡಿಸಿ, ಅಯೋಡಿನ್ ದ್ರಾವಣವನ್ನು ನಿಧಾನವಾಗಿ ಒಳಗೆ ಬಿಟ್ಟೆ. ಆಮೇಲೆ ಆ ಮೊಲೆಯನ್ನು ಯಾರೂ ಹಿಂಡಬಾರದು. ಎರಡು ದಿನ ಊದಿಕೊಂಡು ಕೆಂಪಿ ಮೇವು ಬಿಟ್ಟಳು, ಮೂರನೆಯ ದಿನ ಹುಲ್ಲಿಗೆ ಬಾಯಿ ಹಾಕಿದಳು. ವಾರ ಹತ್ತು ದಿನಕ್ಕೆ ಮೊಲೆ ಕುಗ್ಗಿತು. ಉಳಿದ ಮೂರನ್ನು ಇನ್ನೂ ಕೆಲವು ದಿನ ಕರೆದು, ಆಮೇಲೆ ಬತ್ತಿಸಿ, ಒಂದೊಂದಕ್ಕೂ ಬತ್ತಿದ ಕಾಲಕ್ಕೆ ಕೊಡುವ ಔಷಧಿ ಏರಿಸಿದೆ.

ಕೆಂಪಿ ಬತ್ತುವ ಮೊದಲೇ ಡೈರಿಯಲ್ಲಿ ಹೇಳಬೇಕಾದದ್ದನ್ನೂ ಹೇಳಿದ್ದೆ, ಸಂಜೆಯ ಅದೇ ಹೊತ್ತಿನಲ್ಲಿ, ಅಕ್ಕ ಸಾಲಿನಲ್ಲಿದ್ದಾಗಲೇ. ಅವರು ಔಷಧಿ ತಪ್ಪಿಸಿಲ್ಲ, ಹತ್ತು ಸಲ ನಾನೇ ಹಾಕಿದರೂ ಹೀಗೇ ಆಯಿತು, ರೋಗಾಣುವಿನಲ್ಲಿ ಕೆಲವು ನಿದ್ದೆ ಹೋಗಿ ತಪ್ಪಿಸಿಕೊಳ್ಳುತ್ತವೆ, ನಾನು ಆಡಿದ್ದು ತಪ್ಪು ಎಂದೆ. ಯಾರೂ ನಂಬಿಲ್ಲ ಎಂದು ಕೇಳಿಸಿಕೊಂಡವರ ಮುಖ ನೋಡಿದಾಗಲೇ ಗೊತ್ತಾಯಿತು. ನಿದ್ದೆ ಎಂಬ ಮಾತಿಗೆ ಹಿಂದೆ ನಿಂತಿದ್ದವನೊಬ್ಬ, “ಲಾಲಿ ಹಾಡಿದ್ರೇನೋ ಸಾರ್” ಅಂದ. ಎಲ್ಲರೂ ನಕ್ಕರು. ಇನ್ನೊಬ್ಬರು, “ಡಾಕ್ಟ್ರಿಗೆ ಆ ಮನೆ ಕಾಫಿ ಹಿಡಿಸ್ಬುಟ್ಟೈತೆ ಕಣ್ರೀ” ಅಂದರು. ಅಕ್ಕ ಕ್ಯಾನು ಮುಂದಿಟ್ಟರು. ಕಾರ್ಯದರ್ಶಿ ನಗುತ್ತಲೇ ಬಗ್ಗಿ ಮೂಗು ಇಳಿಸಿದರು.

ಊರೆದುರು ಒಂದು ಉಸಿರಿನಲ್ಲಿ ಆಡಿದ್ದನ್ನು ವಾಪಸು ತೆಗೆದುಕೊಳ್ಳಲು ನನಗೆ ಆಗಲಿಲ್ಲ. ಎಷ್ಟು ಸರಿಯಾಗಿ ಬಿಡಿಸಿ ಹೇಳಿದೆನೋ ಅಷ್ಟು ಕೆಟ್ಟಿತು. ಆ ದಿನ ಬೈಕು ಹತ್ತಿ ಬರುವಾಗ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಕಾಫಿ ಹೂವಿನ ಮಳೆ ಬಿದ್ದ ವಾರ ಕೆಂಪಿ ಹೆಣ್ಣು ಕರು ಹಾಕಿದಳು. ಐದನೆಯ ದಿನ ಹೋದಾಗ ಅಕ್ಕ ಗಿಣ್ಣು ಕೊಟ್ಟರು, ಏಲಕ್ಕಿ ಹಾಕಿದ್ದು. ತಿಂದೆ. ತಟ್ಟೆ ಸುತ್ತಿಸಿ ನೋಡಿ ಎಂದು ಅವರೇ ಕೇಳಿದರು. ಗಿಣ್ಣು ಹಾಲಿಗೆ ಆ ಪರೀಕ್ಷೆ ಸುಳ್ಳು ಹೇಳುತ್ತದೆ, ಇನ್ನೊಂದು ವಾರ ಹೋಗಲಿ ಎಂದೆ. ಅದು ನಿಜವೇ. ನನಗೆ ಧೈರ್ಯ ಇರಲಿಲ್ಲ ಎಂಬುದೂ ನಿಜ.

ಹನ್ನೆರಡನೆಯ ದಿನ ಸಂಜೆ ಹೋದೆ. ಅಕ್ಕ ಹಾಲು ಕರೆದು, ಕ್ಯಾನು ತೊಳೆದು ಬಾಗಿಲಲ್ಲಿ ಬೋರಲು ಹಾಕಿದ್ದರು. ಕರು ಹಾಕಿದ ಮೇಲೆ ಡೈರಿಗೆ ಅಂದೇ ಮೊದಲ ಹಾಲು. ಇಷ್ಟು ದಿನ ಕಾದದ್ದು ಈ ಪರೀಕ್ಷೆಗೇ. ನಾನು ಕೆಂಪಿಯ ಪಕ್ಕದಲ್ಲಿ ಕುಕ್ಕುರಿಸಿ, ತಟ್ಟೆಯ ಮೂರು ಬಟ್ಟಲಿಗೆ ಮೂರು ಮೊಲೆಯಿಂದ ಹಿಂಡಿದೆ. ನಾಲ್ಕನೆಯ ಬಟ್ಟಲು ಖಾಲಿ. ದ್ರಾವಣ ಬೆರೆಸಿ ಸುತ್ತಿಸಿದೆ. ಎರಡು ನೀರಾಗಿ ಸುತ್ತಿದವು. ಎಡಗಡೆ ಹಿಂದಿನ ಮೊಲೆಯದು ಮೊದಲು ಸುತ್ತಿತು, ಆಮೇಲೆ ನಿಧಾನವಾಯಿತು, ಆಮೇಲೆ ನಡುವೆ ಗಂಟುಕಟ್ಟಿತು.

ಚೆಲ್ಲಿ, ತೊಳೆದು, ಇನ್ನೊಂದು ಸಲ ಹಿಂಡಿ ಸುತ್ತಿಸಿದೆ. ಅದೇ.

ಅಕ್ಕ ನನ್ನ ಹೆಗಲ ಹಿಂದೆ ನಿಂತು ನೋಡುತ್ತಿದ್ದರು.

“ಇದು ಅದೇನಾ ಸಾ, ಬೇರೆದಾ?”

“ಗೊತ್ತಿಲ್ಲಕ್ಕ. ಹಾಸನಕ್ಕ್ ಕಳಿಸ್ಬೇಕು.”

“ಅದೇ ಆಗಿದ್ರೆ, ಇಷ್ಟ್ ದಿನ ಎಲ್ಲಿ ಮಲಗಿತ್ತು?”

“ಅದೂ ಗೊತ್ತಿಲ್ಲ.”

ಅಕ್ಕ ಕರೆದಿಟ್ಟಿದ್ದ ಹಾಲಿನ ಪಾತ್ರೆಗೆ ತಟ್ಟೆ ಮುಚ್ಚಿದರು. ಕೈಕಾಲು ತೊಳೆದುಕೊಂಡರು. ಬೋರಲು ಹಾಕಿದ್ದ ಕ್ಯಾನನ್ನು ಎತ್ತಿಕೊಂಡು, ಖಾಲಿಯದನ್ನೇ ಹಿಡಿದು ಡೈರಿಯ ದಾರಿ ಹಿಡಿದರು. ಚೀಲ ಹೆಗಲಿಗೆ ಹಾಕಿಕೊಂಡು ಹಿಂದೆ ನಡೆದೆ.

ಸಾಲು ಉದ್ದವಾಗಿತ್ತು. ಅಕ್ಕ ತಮ್ಮ ಸರದಿ ಬರುವವರೆಗೆ ನಿಂತರು. ಸರದಿ ಬಂದಾಗ ಕ್ಯಾನು ಮುಂದಿಟ್ಟು ಮುಚ್ಚಳ ತೆಗೆದರು. ಕಾರ್ಯದರ್ಶಿ ಯಾರೊಡನೆಯೋ ಮಾತಾಡುತ್ತಲೇ ಬಗ್ಗಿ ಮೂಗು ಇಳಿಸಿ ಉಸಿರು ಎಳೆದರು. ಎಳೆದವರು ಹಾಗೇ ನಿಂತರು, ಆಮೇಲೆ ಕಣ್ಣು ಇಳಿಸಿ ಒಳಗೆ ನೋಡಿದರು.

ಅಷ್ಟರಲ್ಲಿ ಅಕ್ಕ ಬೋರ್ಡಿನ ಹತ್ತಿರ ಹೋಗಿ, ಕೆಳಗಿನ ಡಬ್ಬಿಯಿಂದ ಸೀಮೆಸುಣ್ಣ ತೆಗೆದುಕೊಂಡು, ತಮ್ಮ ಹೆಸರನ್ನು ತಾವೇ ಬರೆದರು. ಒಂದೊಂದೇ ಅಕ್ಷರ, ನಿಧಾನವಾಗಿ, ನಾನು ಬರೆಯುತ್ತಿದ್ದುದಕ್ಕಿಂತ ದುಂಡಗೆ. ಸಾಲಿನಲ್ಲಿ ಯಾರೂ ನಗಲಿಲ್ಲ. ಬರೆದು ಮುಗಿಸಿ ಸೀಮೆಸುಣ್ಣವನ್ನು ನನ್ನ ಕೈಗಿಟ್ಟರು.

“ಎಲ್ಲಿಗಂಟ ಅನ್ನೋದು ನೀವ್ ಬರೀರಿ ಸಾ. ಅದು ನಂಗೆ ಗೊತ್ತಿಲ್ಲ.”

ಅವರ ಹೆಸರಿನ ಪಕ್ಕದಲ್ಲಿ ತಾರೀಕಿನ ಜಾಗ ಖಾಲಿ ಇತ್ತು. ಐದು ದಿನ, ನಾಲ್ಕು ದಿನ ಎಂದು ಕೂಡಿಸಿ ಬರೆಯುವುದು ನನಗೆ ಬಾಯಿಪಾಠ. ಕೈ ಎತ್ತಿದೆ. ಬೆನ್ನ ಹಿಂದೆ ಇಡೀ ಸಾಲು ಕಾಯುತ್ತಿತ್ತು, ನಾನು ಬೋರ್ಡನ್ನೇ ನೋಡುತ್ತಾ ನಿಂತಿದ್ದೆ.